ಕೆಂಜೆಬೆಕ್‌ನ ಎಡಗೈ ಸಂಸಾರ

ಎಲ್ಲಿಗೆ ನಿಲ್ಸಿದ್ದೆ? ಹಾಂ, ಆ ಮುಂದಿನ ಕೋಣೆ. ಆ ಕಡೆ ಕತ್ತು ತಿರುಗಿಸ್ಬೇಡ ಮಗಾ, ನನ್ನ ಮಗನ ಕಣ್ಣಿಗೆ ಬಿದ್ರೆ ಮುಗೀತು. ಬಂದು ಒಂದೊಂದನ್ನೂ ಗೋಡೆಯಿಂದ ಇಳಿಸಿ ಅದರ ಜಾತಕ ಓದ್ತಾನೆ, ನಿನ್ನ ಟೀ ಆರಿ ಕಲ್ಲಾಗುತ್ತೆ. ಕೂತ್ಕೋ. ಬೌರ್ಸಾಕ್ ತಗೋ, ಈಗಷ್ಟೇ ಎಣ್ಣೆಯಿಂದ ತೆಗ್ದಿದ್ದು. ಒಂದು ತಗೊಂಡ್ರೆ ಹೇಗೆ, ನೋಡು ಹೇಗೆ ಸೊರಗಿದೀಯ, ನಿಮ್ಮಮ್ಮ ಅಡುಗೆ ಮಾಡೋದನ್ನ ಬಿಟ್ಬಿಟ್ಟಿದ್ದಾಳಾ?

ಆ ಕೋಣೆ ಇದೆಯಲ್ಲ, ಅದು ಅತಿಥಿಗಳ ಕೋಣೆ. ಈ ತರಾಜ್ ಊರಲ್ಲಿ ಯಾರ ಮನೆಗೆ ಬೇಕಾದ್ರೂ ಹೋಗು, ಆ ಕೋಣೇಲಿ ಗೋಡೆಗೆ ಜಮಖಾನ ತೂಗ್ಹಾಕಿರ್ತಾರೆ, ಸೊಸೆ ತವರಿಂದ ತಂದ ರಜಾಯಿಗಳನ್ನ ಮೂಲೇಲಿ ಸೂರಿಗೆ ತಾಗೋ ಹಾಗೆ ಪೇರಿಸಿರ್ತಾರೆ. ನಮ್ಮ ಮನೇಲಿ ಗೋಡೆ ತುಂಬ ಗಿಟಾರು, ಕುರಿ ಕಡಿದು ಸಾಲಾಗಿ ನೇತುಹಾಕಿದ ಹಾಗೆ. ರಜಾಯಿಗಳು ಕುದುರೆ ಲಾಯದಲ್ಲಿವೆ. ಹಾಗಾದ್ರೆ ಕುದುರೆ ಎಲ್ಲಿ ಅಂತೀಯಾ? ತಾಳು, ಅದಕ್ಕೂ ಬರ್ತೀನಿ.

ಕೆಂಜೆ ನನ್ನ ಕಡೇ ಮಗ. ಕಡೇವನು ಅಂತಾನೇ ಹೆಸರಿಟ್ವಿ, ಕೆಂಜೆಬೆಕ್ ಅಂತ, ಇನ್ನು ಸಾಕು ಅನ್ನೋದು ದೇವ್ರಿಗೂ ಗೊತ್ತಾಗ್ಲಿ ಅಂತ. ನಮ್ಮಲ್ಲಿ ಕಡೇ ಮಗನೇ ಹಳೇ ಮನೇಲಿ ಉಳಿಯೋದು, ಹೆತ್ತವರನ್ನ ನೋಡ್ಕೊಳ್ಳೋದು. ನನ್ನನ್ನ ಚೆನ್ನಾಗೇ ನೋಡ್ಕೋತಾನೆ, ಸುಳ್ಳು ಹೇಳ್ಬಾರ್ದು. ಗಿಟಾರೆಲ್ಲ ಒರೆಸಿ ಮುಗ್ಸಿದ್ಮೇಲೆ ಟೈಮ್ ಉಳಿದ್ರೆ ಬಂದು, "ಅಮ್ಮಾ, ಮಂಡಿ ನೋವು ಹೇಗಿದೆ?" ಅಂತ ಕೇಳ್ತಾನೆ. ನಾನು ಹೇಳೋಕೆ ಬಾಯಿ ತೆಗೆಯೋ ಹೊತ್ತಿಗೆ ಫೋನು ಬರುತ್ತೆ.

ಹುಟ್ಟಾ ಎಡಚ. ಆ ಕಾಲದಲ್ಲಿ ಎಡಚ ಅಂದ್ರೆ ಏನೋ ರೋಗ ಅನ್ನೋ ಹಾಗೆ ಆಡೋರು. ಸ್ಕೂಲಲ್ಲಿ ಟೀಚರಮ್ಮ ಬಡಿದೂ ಬಡಿದೂ ಬರೆಯೋದನ್ನ ಬಲಗೈಗೆ ತಂದ್ರು. ಕೋಳಿ ಕೆದರಿದ ಹಾಗೆ ಬರೀತಾನೆ ಇವತ್ತಿಗೂ. ಮಿಕ್ಕಿದ್ದೆಲ್ಲ ಎಡಗೈ. ಹಿರಿಯರಿಗೆ ಟೀ ಬಟ್ಟಲು ಎಡಗೈಲಿ ನೀಡಿ ಬೈಸ್ಕೊಂಡಿದ್ದಕ್ಕೆ ಲೆಕ್ಕ ಇಲ್ಲ. ಅವರಪ್ಪ ಒಂದಿನ ಆಸೆಪಟ್ಟು ದೊಂಬ್ರಾ ಕೈಗೆ ಕೊಟ್ರು, ನಮ್ಮ ಎರಡು ತಂತಿ ದೊಂಬ್ರಾ. ಅದನ್ನೂ ತಲೆಕೆಳಗು ಹಿಡ್ಕೊಂಡ. "ಇರೋದೇ ಎರಡು ತಂತಿ ಕಣೋ, ಅದರಲ್ಲೂ ತಪ್ಪು ದಾರಿ ಹುಡುಕಿದ್ಯಲ್ಲೋ!" ಅಂತ ಅವರು ನಕ್ಕಿದ್ದೇ ನಕ್ಕಿದ್ದು. ಒಳ್ಳೇ ಮನುಷ್ಯ, ಬೇಗ ಹೋಗ್ಬಿಟ್ರು. ಇದ್ದಿದ್ರೆ ಆ ಗೋಡೆ ನೋಡಿ ಇನ್ನೊಂದ್ಸಲ ಹೋಗಿರೋರು.

ಆಮೇಲೆ ಮದುವೆ ಆರ್ಕೆಸ್ಟ್ರಾ ಸೇರ್ಕೊಂಡ. ಅಲ್ಲಿ ಹಾಡೋಕೆ ನೂಕುನುಗ್ಗಲು, ಡ್ರಮ್ಮು ಬಾರಿಸೋಕೆ ಪೈಪೋಟಿ. ಬಾಸ್ ಗಿಟಾರಿಗೆ ಮಾತ್ರ ಯಾರೂ ಇಲ್ಲ, ನನ್ನ ಮಗನ ತಲೆಗೆ ಕಟ್ಟಿದ್ರು. ಬಾಸ್ ಅಂದ್ರೆ ಗೊತ್ತಾ? ನಾಲ್ಕೇ ತಂತಿ, ಬಟ್ಟೆ ಒಣಗಿ ಹಾಕೋ ತಂತಿ ಇರುತ್ತಲ್ಲ, ಅಷ್ಟು ದಪ್ಪ. ದುಮ್ ದುಮ್ ಅನ್ನುತ್ತೆ. ಒಂದ್ಸಲ ಕೇಳ್ದೆ, "ಲೋ, ಅಷ್ಟು ಗಲಾಟೇಲಿ ನಿನ್ನದು ಕೇಳ್ಸೋದೇ ಇಲ್ವಲ್ಲೋ" ಅಂತ. "ಅಮ್ಮಾ, ಇದ್ದಾಗ ಯಾರಿಗೂ ಕೇಳ್ಸಲ್ಲ, ನಿಂತ್ರೆ ಎಲ್ಲರಿಗೂ ಗೊತ್ತಾಗುತ್ತೆ" ಅಂದ. ಆಹಾ, ಮನೆ ಹೆಂಗಸರ ಕೆಲಸವೂ ಅದೇ ತಾನೆ, ಅದಕ್ಕೆ ಯಾರೂ ದುಡ್ಡು ಕೊಡಲ್ಲ ಅಷ್ಟೇ. ಮದುವೇಲಿ ಜನ ಎಲ್ಲ ಹಾಡೋನ್ನ ನೋಡೋರು. ಇವನನ್ನ ನೋಡ್ತಾ ಇದ್ದೋಳು ನಾನೊಬ್ಬಳೇ, ಅದೂ ಊಟ ಮಾಡಿದ್ನೋ ಇಲ್ವೋ ಅಂತ.

ಆರ್ಕೆಸ್ಟ್ರಾದ್ದು ಬಲಗೈಯವರ ಗಿಟಾರು. ಅದನ್ನ ಇವನು ತಿರುಗಿಸಿ ಹಿಡಿದ್ರೆ ದಪ್ಪ ತಂತಿ ಕೆಳಗೆ, ಸಣ್ಣದು ಮೇಲೆ, ತಿರುಪುಗಳೆಲ್ಲ ಮೊಣಕೈಗೆ ಚುಚ್ತಾ ಇದ್ವು. ಸರಿ, ತನ್ನದೇ ಒಂದು ತಗೋಬೇಕು ಅಂತ ಹೊರಟ. ಶಿಮ್ಕೆಂತ್‌ಗೆ ಹೋದ, ಅಲ್ಮಾಟಿಗೆ ಹೋದ, ಗಡಿ ದಾಟಿ ತಾಷ್ಕೆಂಟ್‌ಗೂ ಹೋದ. ಅಂಗಡಿ ಅಂಗಡೀಲೂ "ಎಡಗೈದು ಇದೆಯಾ?" ಅಂತ ಕೇಳೋದು, ಅವರು ಇವನ ಕೈ ನೋಡೋದು. ಒಬ್ಬ ಅಂತೂ "ಎಡಗೈಗೆ ಬೇರೆ ಸಂಗೀತ ಇದೆಯಾ ಅಣ್ಣಾ?" ಅಂತ ಕೇಳಿದ್ನಂತೆ. ಪಾಪ, ಅವನು ತಮಾಷೆಗೆ ಕೇಳಿದ್ದಲ್ಲ.

ಕಡೆಗೆ ಗೊತ್ತಾಯ್ತು, ಈ ಸೀಮೇಲೆಲ್ಲ ಹುಡುಕಿದ್ರೂ ಎಡಗೈಲಿ ಬಾಸ್ ನುಡಿಸೋರು ಆರೇ ಜನ ಅಂತ. ಒಬ್ಬ ಇವನು. ಇನ್ನೊಬ್ಬ ಕರಗಂಡದ ಗೆನ್ನಾದಿ ಅಂತ ರಷ್ಯಾದೋನು, ವಯಸ್ಸಾದೋನು. ಮತ್ತೆ ಬಿಷ್ಕೇಕ್‌ನಲ್ಲೊಬ್ಬ, ತಾಷ್ಕೆಂಟಲ್ಲೊಬ್ಬ, ಒಬ್ಬ ಹಲ್ಲಿನ ಡಾಕ್ಟ್ರು, ಇನ್ನೊಬ್ಬ ಏನು ಕೆಲಸ ಮಾಡ್ತಾನೋ ಅವನ ಹೆಂಡತಿಗೂ ಗೊತ್ತಿಲ್ಲ. ಈ ಆರು ಜನಾನೂ ಒಬ್ಬರಿಗೊಬ್ಬರು ಮಾರ್ಕೊಳ್ಳೋದು, ಒಬ್ಬರಿಂದೊಬ್ಬರು ಕೊಂಡ್ಕೊಳ್ಳೋದು. ಬೇರೆ ಯಾರು ತಗೋತಾರೆ ಹೇಳು? ವರ್ಷಗಟ್ಲೆ ಅದೇ ಹತ್ತಿಪ್ಪತ್ತು ಗಿಟಾರು ಇವರ ಮಧ್ಯೆ ಗಾಣದೆತ್ತಿನ ಹಾಗೆ ಸುತ್ತೋದು. ಇದಕ್ಕೆ ಇವರು ಸಂಗ್ರಹ ಅಂತ ಹೆಸರಿಟ್ಕೊಂಡಿದ್ದಾರೆ.

ಬಲಗೈಯೋರಾದ್ರೆ ಅಂಗಡಿಗೆ ಹೋಗಿ ನಾಲ್ಕು ನುಡಿಸಿ ನೋಡಿ ಒಂದು ತರ್ತಾರೆ. ಇವರಿಗೆ ಆ ಭಾಗ್ಯ ಇಲ್ಲ. ಫೋನಲ್ಲಿ ಒಂದು ಮಸುಕು ಫೋಟೋ ಬರುತ್ತೆ, ಹುಡುಗೀನ ನೋಡದೇ ಮದುವೆಗೆ ಒಪ್ಕೊಂಡ ಹಾಗೆ ಒಪ್ಕೊಂಡ್ಬಿಡೋದು. "ಇದು ಕೈತಪ್ಪಿದ್ರೆ ಇನ್ನೊಂದು ಈ ಜನ್ಮದಲ್ಲಿ ಸಿಗಲ್ಲಮ್ಮಾ!" ಅಂತ ಪ್ರತಿ ಸಲಾನೂ ಅಂತಾನೆ. ಈ ಜನ್ಮದಲ್ಲಿ ಸಿಗದೇ ಇರೋವು ಈಗ ಹನ್ನೊಂದೋ ಹನ್ನೆರಡೋ ಆಗಿವೆ.

ಇಸ್ತ್ರಿ ಪೆಟ್ಟಿಗೆ ಕಥೆ ಹೇಳಿದೀನಾ ನಿಂಗೆ? ಇಲ್ವಾ? ಶೋಲ್ಪಾನ್ ಗೊತ್ತಲ್ಲ, ನನ್ನ ಸೊಸೆ, ಕೆಂಜೆ ಹೆಂಡತಿ. ಬಾಯಿ ಸ್ವಲ್ಪ ಖಾರ, ಆದ್ರೆ ಇವನ ಜೊತೆ ಬಾಳೋಳಿಗೆ ಸಿಹಿ ಬಾಯಿ ಇಟ್ಕೊಂಡು ಏನಾಗ್ಬೇಕು. ಒಂದ್ಸಲ ಕರೀ ಗಿಟಾರನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದ. ಇವಳು ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟಳು. "ಇಸ್ತ್ರಿ ಮಾಡೋ ಹಲಗೆ ಅಂದ್ಕೊಂಡೆ ಅತ್ತೆ" ಅಂದ್ಲು ನನಗೆ, ಮುಖದಲ್ಲಿ ಒಂದಿಷ್ಟೂ ನಗು ಇಲ್ಲ. ಹಡಗಿನ ಮೂತಿ ಹಾಗೆ ಚೂಪಾಗಿ ಸುಟ್ಟ ಕಲೆ ಆಯ್ತು. ಅವನು ಎರಡು ದಿನ ಮಾತು ಬಿಟ್ಟ, ಮೂರನೇ ದಿನ ಅದನ್ನ ಬಿಷ್ಕೇಕ್‌ನೋನಿಗೆ ಮಾರಿದ. ಬಿಷ್ಕೇಕ್‌ನೋನು ಹಲ್ಲಿನ ಡಾಕ್ಟ್ರಿಗೆ ಮಾರಿದ್ನಂತೆ, ಡಾಕ್ಟ್ರು ತಾಷ್ಕೆಂಟ್‌ನೋನಿಗೆ. ನಾಲ್ಕೈದು ವರ್ಷ ಆದ್ಮೇಲೆ ಇವನು ತಾಷ್ಕೆಂಟಿಂದ ಒಂದು ಕರೀ ಗಿಟಾರು ತರಿಸಿದ. ಗೋಣಿ ಬಿಚ್ಚಿ ನೋಡಿ ಏನಂತಾನೆ ಗೊತ್ತಾ? "ನೋಡಮ್ಮಾ ಅನ್ಯಾಯ! ಪಾಪ, ಅವನ ಹೆಂಡತೀನೂ ಇಸ್ತ್ರಿ ಇಟ್ಬಿಟ್ಟಿದ್ದಾಳೆ!"

ಶೋಲ್ಪಾನ್ ಎದ್ಲು. ಒಳಗೆ ಹೋಗಿ ನಮ್ಮ ಇಸ್ತ್ರಿ ಪೆಟ್ಟಿಗೆ ತಂದು ಆ ಕಲೆ ಮೇಲೆ ಕೂರಿಸಿದ್ಲು. ಅಳತೆ ತೆಗೆದು ಹೊಲಿದ ಹಾಗೆ ಕೂತ್ಕೊಂಡಿತು.

ನಾಚ್ಕೋಬೇಕು ತಾನೆ ಮನುಷ್ಯ? "ಹಾಗಾದ್ರೆ ಇದು ನಮ್ಮದೇ!" ಅಂತ ಕುಣಿದಾಡ್ಬಿಟ್ಟ, ಕಳೆದುಹೋದ ಮಗ ಮನೆಗೆ ಬಂದ ಹಾಗೆ. ಮಾರಿದ ಬೆಲೆಗಿಂತ ಜಾಸ್ತಿ ತೆತ್ತು ತಂದಿದ್ದ ಮಹಾರಾಯ.

ಇದೆಲ್ಲ ಸಣ್ಣಪುಟ್ಟ ಹುಚ್ಚು. ದೊಡ್ಡ ಹುಚ್ಚು ನೀಲೀದು. ಗೆನ್ನಾದಿ ಹತ್ರ ಒಂದು ನೀಲಿ ಬಾಸ್ ಇತ್ತು, ಜಪಾನ್ ಕಡೇದು, ಹಳೇದು. ಇವನು ಹುಡುಗನಾಗಿದ್ದಾಗ ಒಂದು ಮದುವೇಲಿ ಅವನು ಅದನ್ನ ಹೆಗಲಿಗೆ ಹಾಕ್ಕೊಂಡು ನಿಂತಿದ್ದನ್ನ ನೋಡಿದ್ನಂತೆ, ಗಲಾಟೇಲಿ ಅದರ ಸದ್ದು ಕೇಳಿಸ್ಲಿಲ್ಲವಂತೆ. ತಾನೂ ಎಡಗೈ, ಆ ಮನುಷ್ಯನೂ ಎಡಗೈ, ಮೊದಲನೇ ಸಲ ತನ್ನಂಥವನನ್ನ ನೋಡಿದ್ದು. ಅವತ್ತಿಂದ ಹಿಡ್ಕೊಂಡು ಪ್ರತಿ ಹೊಸ ವರ್ಷಕ್ಕೂ ಕರಗಂಡಕ್ಕೆ ಫೋನು. "ಗೆನ್ನಾದಿ ಅಣ್ಣಾ, ಚೆನ್ನಾಗಿದ್ದೀರಾ, ಮನೇಲೆಲ್ಲ ಆರಾಮಾ, ನೀಲೀದು ಕೊಡ್ತೀರಾ?" "ಚೆನ್ನಾಗಿದ್ದೀನಿ, ಎಲ್ಲ ಆರಾಮು, ಕೊಡಲ್ಲ." ಇಪ್ಪತ್ತು ವರ್ಷ ಇದೇ ಮಾತು. ಕಡೆಗೆ ಗೆನ್ನಾದಿ ಬೆರಳಿಗೆ ಗಂಟುನೋವು ಸೇರ್ಕೊಂಡು ಬಗ್ಗದ ಹಾಗಾಯ್ತು, ಒಪ್ಕೊಂಡ.

ದುಡ್ಡು? ನನ್ನ ಬೂದು ಹೆಣ್ಣುಕುದುರೆ ಮಾರಿದ. ಇಗೋ, ಕುದುರೆ ಎಲ್ಲಿ ಅಂದ್ಯಲ್ಲ. ಅದರ ಹಾಲಿಂದ ಮಾಡಿದ ಕುಮಿಸ್ ಕುಡಿದೋರು ಇನ್ನೂ ದಾರೀಲಿ ಸಿಕ್ರೆ ಅದನ್ನೇ ಕೇಳ್ತಾರೆ, ಅಂಥಾ ಕುದುರೆ. ಅದನ್ನ ಕೊಟ್ಟು ಟ್ರೇನಲ್ಲಿ ಕರಗಂಡಕ್ಕೆ ಹೋದ. ಬರೋವಾಗ ಎರಡು ಟಿಕೆಟ್ ತಗೊಂಡಿದ್ದಾನೆ. ಗಿಟಾರು ಕೆಳಗಿನ ಸೀಟಲ್ಲಿ ಕಾಲು ಚಾಚಿ ಮಲಗಿ ಬಂತು, ಇವನು ಮೇಲಿನ ಸೀಟಲ್ಲಿ ತಲೆ ಹೊಡೆಸ್ಕೊಂಡು ಬಂದ. ಮನೆಗೆ ತಂದು ಮೇಲೊಂದು ಬಿಳಿ ಶಾಲು ಹೊದಿಸಿ ಕೂರಿಸಿದ, "ಮುಖ ನೋಡೋ ಕಾಣಿಕೆ ಕೊಡಿ" ಅಂತ. ಹೊಸ ಸೊಸೆ ಬಂದಾಗ ಕೊಡ್ತೀವಲ್ಲ, ಹಾಗೆ! ಶೋಲ್ಪಾನ್ ಹೇಳಿದ್ಲು, "ಸವತಿ ಮುಖ ನೋಡೋಕೆ ನಾನ್ಯಾಕ್ರೀ ಕಾಣಿಕೆ ಕೊಡ್ಲಿ? ಅವಳೇ ನನಗೆ ಕೊಡ್ಬೇಕು."

ಆದ್ರೆ ಕೆಂಜೆಗೆ ಒಂದು ನೆಮ್ಮದಿ ಇತ್ತು. ಅವನ ಗಿಟಾರು ಯಾರಿಗೂ ಬೇಡ. ಆರ್ಕೆಸ್ಟ್ರಾದ ಸ್ನೇಹಿತರು ಬಂದು ಆಸೆಪಟ್ಟು ಒಂದನ್ನ ಎತ್ಕೊಂಡ್ರೂ, ಅಂಗಿ ಹಿಂದುಮುಂದಾಗಿ ತೊಟ್ಟೋರ ಹಾಗೆ ಒದ್ದಾಡಿ ವಾಪಸ್ ತೂಗ್ಹಾಕೋರು. "ನಮ್ಮ ಮನೆಗೆ ಕಳ್ಳ ಬಂದ್ರೂ ಬೈಕೊಂಡು ಹೋಗ್ತಾನಮ್ಮಾ" ಅನ್ನೋನು, ದೊಡ್ಡ ಕೋಟೆ ಕಟ್ಟಿದೋನ ಹಾಗೆ.

ಈಗ ಇಂಜು ವಿಷಯಕ್ಕೆ ಬರ್ತೀನಿ. ನನ್ನ ಮಗಳು ರೌಶನ್ನ ಇದೇ ಊರಲ್ಲೇ, ಸ್ಟೇಷನ್ ಆಚೆ ಕೊಟ್ಟಿರೋದು. ಅವಳ ಮಗಳು ಇಂಜು. ಅಂದ್ರೆ ಕೆಂಜೆಗೆ ಸೋದರಸೊಸೆ. ನಮ್ಮಲ್ಲಿ ಅಕ್ಕತಂಗಿ ಮಕ್ಕಳಿಗೆ ಒಂದು ಹಕ್ಕಿದೆ ನೋಡು, ತಾಯಿ ತವರಿಂದ ಮೂರು ಸಲ ಏನು ಬೇಕಾದ್ರೂ ಕೇಳಬಹುದು. ಕೇಳಿದ್ಮೇಲೆ ಸೋದರಮಾವ ಇಲ್ಲ ಅನ್ನೋ ಹಾಗಿಲ್ಲ. ಇಲ್ಲ ಅಂದು ಅವರ ಮನಸ್ಸು ನೋಯಿಸಿದ್ರೆ, ಮಾವನ ಕೈ ನಡುಗೋಕೆ ಶುರುವಾಗುತ್ತೆ ಅನ್ನೋ ನಂಬಿಕೆ. ಕುರಿ ಕಾಯೋನಿಗೆ ಕೈ ನಡುಗಿದ್ರೆ ನಡುಗ್ಲಿ ಬಿಡು, ಕುರಿ ಏನೂ ಅಂದ್ಕೊಳ್ಳಲ್ಲ. ನಾಲ್ಕು ತಂತಿ ಮೀಟಿ ಹೊಟ್ಟೆ ಹೊರ್ಕೊಳ್ಳೋನಿಗೆ? ಕೆಂಜೆ ದೇವ್ರಿಗೆ ಹೆದರ್ತಾನೋ ಇಲ್ವೋ, ಇದಕ್ಕೆ ಹೆದರ್ತಾನೆ.

ಇಂಜು ಚಿಕ್ಕೋಳಿದ್ದಾಗ ಒಂದು ನಾಯಿಮರಿ ಕೇಳಿದ್ಲು. ಆಮೇಲೆ ಇವನ ಚರ್ಮದ ಜಾಕೆಟ್ಟು, ಈಗ್ಲೂ ಅವಳಿಗೆ ಮಂಡಿವರೆಗೂ ಬರುತ್ತೆ. ಮೂರನೇದು ಬಾಕಿ. ಹೋದ ಬೇಸಿಗೇಲಿ ಅವಳಿಗೆ ಅಲ್ಮಾಟಿ ಪಶುವೈದ್ಯ ಕಾಲೇಜಲ್ಲಿ ಸೀಟು ಸಿಕ್ತು. ಊರು ಬಿಡೋ ಮುಂಚೆ ತಾಯಿ ತವರಲ್ಲಿ ಊಟ ಮಾಡಿ ಆಶೀರ್ವಾದ ತಗೊಂಡು ಹೋಗ್ಬೇಕಲ್ಲ, ಕುರಿ ಕಡಿದ್ವಿ, ನೆಂಟರನ್ನ ಕರೆದ್ವಿ. ಅದೇ ವಾರ ಪಕ್ಕದ ಬೀದಿ ಹುಡುಗನೊಬ್ಬ ಸೋದರಮಾವನ ಕಾರನ್ನೇ ಕೇಳಿ, ಆವತ್ತೇ ಓಡಿಸ್ಕೊಂಡು ಹೋಗಿದ್ದ. ಅದು ಕೆಂಜೆ ಕಿವಿಗೂ ಬಿತ್ತು. ಅವನ ಹತ್ರಾನೂ ಒಂದು ಹಳೇ ಕಾರಿತ್ತು, ಸ್ಪೀಕರ್ ಹೇರ್ಕೊಂಡು ಮದುವೆಗಳಿಗೆ ಹೋಗೋಕೆ. ಬೆಳಿಗ್ಗೆನೇ ಅದನ್ನ ಗೆಳೆಯನ ಶೆಡ್ಡಲ್ಲಿ ಬಚ್ಚಿಟ್ಟು ಬಂದು, "ರಿಪೇರಿಗೆ ಬಿಟ್ಟಿದ್ದೀನಿ" ಅಂತ ಕೇಳದೇ ಇದ್ದೋರಿಗೂ ಹೇಳ್ಕೊಂಡು ಓಡಾಡ್ದ.

ಮಧ್ಯಾಹ್ನ ಎಲ್ಲರೂ ಆ ಗಿಟಾರು ಕೋಣೇಲೇ ಊಟಕ್ಕೆ ಕೂತ್ವಿ, ಬೇರೆ ಕೋಣೆ ಎಲ್ಲಿದೆ? ಬಾಗಿಲಿಂದ ದೂರ, ಮರ್ಯಾದೆ ಜಾಗದಲ್ಲಿ ನಮ್ಮ ಭಾವ. ನನ್ನ ಗಂಡನ ಅಣ್ಣ, ಅವರ ಹೆಸರು ನಾನು ಬಾಯಲ್ಲಿ ಹೇಳೋ ಹಾಗಿಲ್ಲ, ಮದುವೆಯಾಗಿ ಬಂದ ದಿನದಿಂದ ನಾನಿಟ್ಟ ಹೆಸರು ದೊಡ್ಟೋಪಿ ಭಾವ. ಟೋಪಿ ಈಗಲೂ ದೊಡ್ಡದೇ, ತಲೆ ಒಳಗೊಳಗೇ ಸಣ್ಣಗಾಗ್ತಿದೆ. ಕುರಿತಲೆ ಅವರ ಮುಂದಿಟ್ವಿ. ಅವರು ಕಿವಿ ಕತ್ತರಿಸಿ ಮಕ್ಕಳಿಗೆ ಹಂಚಿ, ಚಾಕು ಒರೆಸ್ಕೊಂಡು ಅಂದ್ರು:

"ಇಂಜು, ಮಗಳೇ, ದೂರ ಹೋಗ್ತಿದೀಯ. ನಿನ್ನ ಮೂರನೇದು ಬಾಕಿ ಇದೆಯಲ್ಲ, ಏನು ಕೇಳ್ತೀಯ?"

"ಯೋಚ್ನೆ ಮಾಡ್ತಿದ್ದೀನಿ ತಾತ" ಅಂತ ಅವಳು ಕಿಟಕಿ ಕಡೆ ನೋಡಿದ್ಲು. ಕಿಟಕಿ ಆಚೆ ಕಾರು ನಿಲ್ಸೋ ಜಾಗ.

ಕೆಂಜೆ ಎದ್ದು ನಿಂತ್ಬಿಟ್ಟ, ಕೈಲಿದ್ದ ಮೂಳೆ ಸಮೇತ. "ಯೋಚ್ನೆ ಯಾಕೆ ಪುಟ್ಟಿ! ಈ ಗೋಡೆ ನೋಡು. ಯಾವುದು ಬೇಕೋ ತಗೋ. ನಿನ್ನ ಮಾಮನ ಇಡೀ ಆಸ್ತಿ ಇದೇ!"

"ಯಾವುದು ಬೇಕಾದ್ರೂನಾ ಮಾಮ?"

"ಯಾವುದು ಬೇಕಾದ್ರೂ! ಎಲ್ಲರ ಎದುರಿಗೂ ಹೇಳ್ತೀನಿ. ನೀಲೀದೂ ಸೇರಿ!"

ಶೋಲ್ಪಾನ್ ಕೆಮ್ಮಿದ್ಲು. ಮೇಜಿನ ಕೆಳಗೆ ಕಾಲೂ ತುಳಿದಳು ಅನ್ಸುತ್ತೆ, ಅವನು ಜಾಗ ಬದಲಾಯಿಸ್ದ ಅಷ್ಟೇ. ಅವನ ಲೆಕ್ಕ ನನಗೆ ಕಾಣ್ತಿತ್ತು, ಮುಖದ ಮೇಲೇ ಬರೆದಿತ್ತು: ಹುಡುಗಿ ಬಲಗೈಯೋಳು, ಇವೆಲ್ಲ ಎಡಗೈಯವು, ಒಂದು ಬೆಲ್ಟೋ ವೈರೋ ಕೇಳ್ತಾಳೆ, ಕಾರೂ ಉಳೀತು ಗಿಟಾರೂ ಉಳೀತು. ಉದಾರಿ ಅಂತ ಹೆಸರು ಬೇರೆ.

ದೊಡ್ಟೋಪಿ ಭಾವ ತಡಮಾಡ್ಲಿಲ್ಲ. ಅಂಗೈ ಎರಡೂ ಮೇಲೆತ್ತಿ ಆಶೀರ್ವಾದ ಹೇಳಿದ್ರು, ಎಲ್ಲರೂ ಆಮೀನ್ ಅಂತ ಮುಖ ಸವರ್ಕೊಂಡ್ರು. ಅಲ್ಲಿಗೆ ಕೊಟ್ಟ ಮಾತಿಗೆ ಬೀಗ ಬಿತ್ತು.

ಇಂಜು ಕೈ ತೊಳ್ಕೊಂಡು ಬಂದ್ಲು. ನೇರ ಗೋಡೆ ಹತ್ರ ಹೋಗಿ ನೀಲೀದನ್ನ ಇಳಿಸಿದ್ಲು.

"ಅದು ನಿನಗೆ ಆಗಲ್ಲ ಕಣೇ, ತಿರುಗುಮುರುಗು ಅದು" ಅಂತ ಕೆಂಜೆ ನಕ್ಕ. ಅವಳು ಬೆಲ್ಟ್ ಹೆಗಲಿಗೆ ಹಾಕ್ಕೊಂಡ್ಲು. ಗಿಟಾರಿನ ಉದ್ದದ ಕತ್ತು ಬಲಗೈಲಿ ಹಿಡಿದು, ಎಡಗೈ ಬೆರಳು ತಂತಿ ಮೇಲಿಟ್ಲು, ಬಗ್ಗಿ ವೈರನ್ನ ಸ್ಪೀಕರಿಗೆ ಸಿಗಿಸಿದ್ಲು. ಕೆಂಜೆ ನಗು ಅರ್ಧಕ್ಕೇ ನಿಂತ್ಕೊಂಡಿತು, ಮುಚ್ಚೋಕೆ ಮರೆತ ಬಾಯಿ ಹಾಗೇ ಇತ್ತು.

ಅವಳು ಎಡಚೀನೇ ಮಗಾ. ನಮ್ಮ ಬೀಗಿತ್ತಿ, ರೌಶನ್ ಅತ್ತೆ, ಹಳೇ ಕಾಲದೋಳು. ಹೆಣ್ಣುಮಗೂಗೆ ಎಡಗೈ ಒಳ್ಳೇದಲ್ಲ ಅಂತ ತಿನ್ನೋದು ಬರೆಯೋದು ಎಲ್ಲ ಬಲಗೈಗೆ ಹಾಕಿಸಿದ್ಲು. ಊರೆಲ್ಲ ಅವಳು ಬಲಗೈಯೋಳು ಅಂತಾನೇ ಅಂದ್ಕೊಂಡಿತ್ತು. ಇಂಜು ನನ್ನ ಹತ್ರ ಬಂದಾಗ ಮಾತ್ರ ಈರುಳ್ಳಿ ಎಡಗೈಲಿ ಹೆಚ್ಚೋಳು. ನಾನು ಒಂದು ಮಾತೂ ಅಂದೋಳಲ್ಲ, ಈರುಳ್ಳಿಗೆ ಯಾವ ಕೈಯಾದ್ರೇನು, ಅಳಿಸೋದು ಅಳಿಸುತ್ತೆ. ಕೆಂಜೆ ಮದುವೆಗಳಿಗೆ ಹೋದ ಮಧ್ಯಾಹ್ನಗಳಲ್ಲಿ ಆ ಇಸ್ತ್ರಿ ಕಲೆ ಗಿಟಾರು ಇಳಿಸ್ಕೊಂಡು, ಫೋನಲ್ಲಿ ಯಾರೋ ಹೇಳಿಕೊಡೋನನ್ನ ನೋಡ್ಕೊಂಡು ದುಮ್ ದುಮ್ ಅನ್ಸೋಳು. ಎರಡು ವರ್ಷ. ಯಾರೂ ನನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮುದುಕಿಗೆ ಕಿವಿ ಕೇಳ್ಸಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿದ್ರೆ, ನಾನ್ಯಾಕೆ ಅವರನ್ನ ತಿದ್ದಲಿ.

ಕೆಂಜೆಗೆ ಉಸಿರು ಬಂದ ತಕ್ಷಣ ಮೊದಲ ಮಾತು, "ಕಾರು ತಗೋ ಇಂಜು!"

ಇಡೀ ಕೋಣೆ ಬಿದ್ದುಬಿದ್ದು ನಕ್ತು.

"ಕಾರಾ? ರಿಪೇರಿಗೆ ಹೋಗಿದೆ ಅಂದ್ರಲ್ಲ ಮಾಮ?"

"ಆಯ್ತು ರಿಪೇರಿ, ಈಗಷ್ಟೇ ಆಯ್ತು! ಹೊಸ ಟೈರು ಹಾಕ್ಸಿ ಕೊಡ್ತೀನಿ."

"ನನಗೆ ಡ್ರೈವಿಂಗ್ ಬರಲ್ವಲ್ಲ."

"ಕಲಿಸ್ತೀನಿ! ಬೇಡ್ವಾ? ಕರೀದು ತಗೋ, ಕೆಂಪುದೂ ತಗೋ, ಎರಡೆರಡು!"

"ಲೋ ಕೆಂಜೆ" ಅಂದ್ರು ದೊಡ್ಟೋಪಿ ಭಾವ, "ಸೋದರಸೊಸೆ ಹತ್ರ ಸಂತೇಲಿ ಕುರಿ ಕೊಂಡ ಹಾಗೆ ಚೌಕಾಸಿ ಮಾಡ್ತೀಯೇನೋ? ಆಮೀನ್ ಅಂದು ಇನ್ನೂ ಬಾಯಿ ಆರಿಲ್ಲ."

"ದೊಡ್ಡಪ್ಪ, ಇಪ್ಪತ್ತು ವರ್ಷ ಕಾದಿದ್ದೀನಿ ಇದಕ್ಕೆ."

ಇದನ್ನ ಮೆತ್ತಗೆ ಹೇಳ್ದ. ನಗ್ತಿದ್ದೋರು ಸ್ವಲ್ಪ ತಗ್ಗಿದ್ರು. ನನ್ನ ಮಗಳು ರೌಶನ್ ಬಿಟ್ಟಾಳಾ, ಅಕ್ಕ ಅಲ್ವಾ? "ಕೊಡೋಕೆ ಮನಸ್ಸಿಲ್ದಿದ್ರೆ ಬೇಡ ಬಿಡೋ. ನನ್ನ ಮಗಳೇನು ಭಿಕ್ಷೆಗೆ ಬಂದಿಲ್ಲ. ಆಮೇಲೆ ಕೈ ನಡುಗಿದ್ರೆ ಮಾತ್ರ ನನ್ನ ಮನೆ ಬಾಗಿಲಿಗೆ ಬರ್ಬೇಡ."

ಕೆಂಜೆ ತನ್ನ ಎಡಗೈ ನೋಡ್ಕೊಂಡ. ನಿಜ ಹೇಳ್ತೀನಿ, ಆಗಲೇ ಸ್ವಲ್ಪ ನಡುಗ್ತಿತ್ತು. ಮೂಳೆ ಇನ್ನೂ ಅದೇ ಕೈಲಿತ್ತು, ಅದೂ ಅಲ್ಲಾಡ್ತಿತ್ತು.

ಇಂಜು ಗಿಟಾರು ಕೆಳಗಿಳಿಸ್ಲಿಲ್ಲ. "ಮಾಮ, ಬೈಬೇಡಿ. ನೀವು ಸ್ವಲ್ಪ ಅಲ್ಲಿ ಕೂತ್ಕೊಳ್ಳಿ, ಬಾಗಿಲ ಹತ್ರ" ಅಂದ್ಲು. ಅವನು ಹೋಗಿ ಕೂತ. ಚಪ್ಪಲಿ ಬಿಡೋ ಜಾಗದಲ್ಲಿ, ಮನೆ ಯಜಮಾನ.

ಅವಳು ನುಡಿಸಿದ್ಲು. ಅದೇನು ಅಂತ ನನಗೆ ಹೇಳೋಕೆ ಬರಲ್ಲ. ನಮ್ಮ ಮದುವೆಗಳಲ್ಲಿ ಸೊಸೆ ಮನೆ ತುಂಬೋವಾಗ ಹಾಡ್ತಾರಲ್ಲ, ಆ ಮಟ್ಟೇ ಇರಬೇಕು, ಆದ್ರೆ ಹಾಡು ಇಲ್ಲ, ಅಡೀಲಿರೋದು ಮಾತ್ರ. ನೆಲದೊಳಗಿಂದ ಬಂದ ಹಾಗೆ ನನ್ನ ಮಂಡಿಗೆ ತಾಗ್ತಿತ್ತು. ಎರಡು ಕಡೆ ತಪ್ಪಿದ್ಲು, ನನಗೇ ಗೊತ್ತಾಯ್ತು ಅಂದ್ರೆ ನೋಡು.

ನಾನು ಕೆಂಜೆನ ನೋಡ್ತಿದ್ದೆ. ಈ ಸಲ ಊಟಕ್ಕಲ್ಲ. ಅವನು ಗೋಡೆಗೆ ತಲೆ ಆನಿಸಿ ಕೂತಿದ್ದ, ಮುಗಿದ್ಮೇಲೂ ಹಾಗೇ. ಆಮೇಲೆ, "ಅದು ಹೀಗೆ ಕೇಳ್ಸುತ್ತಾ?" ಅಂದ.

"ಹೇಗೆ ಮಾಮ?"

"ಇಲ್ಲಿಂದ. ನಾನು ಯಾವತ್ತೂ ಇಲ್ಲಿಂದ ಕೇಳಿಲ್ಲ."

ಯೋಚ್ನೆ ಮಾಡು. ಇಷ್ಟು ವರ್ಷ, ಇಷ್ಟು ಗಿಟಾರು, ಅವನ ಕೈಲಿರೋದನ್ನ ಇನ್ನೊಬ್ಬರು ತಗೊಂಡು ಅವನೆದುರು ನುಡಿಸಿದ್ದೇ ಇಲ್ಲ. ಯಾರಿಗೆ ಬರುತ್ತೆ? ತನ್ನ ಗಿಟಾರಿನ ಸದ್ದು ಎದುರಿಗೆ ಕೂತೋರಿಗೆ ಹೇಗಿರುತ್ತೆ ಅಂತ ಈ ಮಹಾನ್ ಸಂಗ್ರಹಕಾರನಿಗೆ ಗೊತ್ತೇ ಇರ್ಲಿಲ್ಲ. ನನಗೆ ಗೊತ್ತಿತ್ತು, ಶೋಲ್ಪಾನ್‌ಗೆ ಗೊತ್ತಿತ್ತು, ಬೀದಿ ನಾಯಿಗೂ ಗೊತ್ತಿತ್ತು.

"ಇನ್ನೊಂದ್ಸಲ ನುಡಿಸು" ಅಂದ. ನುಡಿಸಿದ್ಲು. ಮಧ್ಯದಲ್ಲಿ ಎದ್ದು ಹೋಗಿ, "ಹೆಬ್ಬೆರಳು ಹೀಗೆ ಬಿಗಿ ಹಿಡೀಬಾರ್ದು, ಸಡಿಲ ಬಿಡು, ಕತ್ತು ಹಿಸುಕ್ತಿದೀಯ ಅದರದ್ದು" ಅಂತ ಅವಳ ಕೈ ಸರಿಮಾಡ್ದ. ಎದುರೆದುರು ನಿಂತು ತೋರಿಸೋಕೆ ಹೋದ, ಕೈ ಅದಲುಬದಲಾಯ್ತು, ಇಬ್ಬರೂ ಗೊಂದಲ. ಪಕ್ಕಕ್ಕೆ ಬಂದು ನಿಂತು ತೋರಿಸ್ದ. ಯಾವ ಪಕ್ಕ ನಿಲ್ಲಬೇಕು ಅಂತ ಕೂಡ ಗೊತ್ತಿಲ್ಲ, ಪಾಪ, ಯಾರಿಗೆ ಕಲಿಸಿದ್ದಾನೆ ಅವನು?

ಸಂಜೆ ಟೀ ಆದ್ಮೇಲೆ, "ತಗೊಂಡು ಹೋಗು" ಅಂದ. ಅಷ್ಟೇ. ಅಂಗಳಕ್ಕೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳ್ದ. ಶೋಲ್ಪಾನ್ ಲಾಯದಿಂದ ಒಂದು ರಜಾಯಿ ತಂದು ಗಿಟಾರಿಗೆ ಸುತ್ತಿ ಕೊಟ್ಲು. "ನನ್ನ ತವರಿನ ರಜಾಯಿಗೂ ಒಂದು ಕೆಲಸ ಸಿಕ್ತು ಅತ್ತೆ" ಅಂದ್ಲು, ಆದ್ರೆ ಸುತ್ತೋವಾಗ ಕೈ ಮೆತ್ತಗಿತ್ತು. ಆ ನೀಲೀದರ ಮೇಲೆ ಅವಳು ಒಂದಿನಾನೂ ಇಸ್ತ್ರಿ ಇಟ್ಟಿಲ್ಲ, ಅದನ್ನೂ ನೀನು ಗಮನಿಸ್ಬೇಕು.

ಮಾರನೇ ದಿನ ಗೆನ್ನಾದಿಗೆ ಫೋನು ಮಾಡ್ದ. ಬೈಸ್ಕೊಳ್ಳೋಕೆ ತಯಾರಾಗಿ ಗೋಡೆ ಹಿಡ್ಕೊಂಡು ನಿಂತಿದ್ದ. "ಅಣ್ಣಾ, ನೀಲೀದು ಹೋಯ್ತು. ಅಕ್ಕನ ಮಗಳಿಗೆ. ಹೂಂ, ಅವಳೂ ಎಡಗೈ." ಆಮೇಲೆ ಆ ಮುದುಕ ಫೋನಲ್ಲೇ ಅದೆಷ್ಟು ಜೋರಾಗಿ ಕೂಗಿದ ಅಂದ್ರೆ ಕಿವಿ ಕೇಳದ ನನಗೂ ಕೇಳಿಸ್ತು, "ಹಾಗಾದ್ರೆ ನಾವೀಗ ಏಳು ಜನ! ಅವಳ ಹತ್ರ ಮಾರೋಕೆ ಏನಾದ್ರೂ ಇದೆಯಾ ಕೇಳು!" ನೀಲೀದು ಕೊಟ್ಟಾದ್ಮೇಲೆ ಕೆಂಜೆ ಅವತ್ತು ಮೊದಲ ಸಲ ನಕ್ಕ.

ಈಗ ಆ ನೀಲೀದನ್ನ ಇಟ್ಟು ತಂದಿದ್ದ ಗಟ್ಟಿ ಪೆಟ್ಟಿಗೆ ವಿಷಯ. ಅದನ್ನ ಕೊಡ್ಲಿಲ್ಲ ನೋಡು! ನಾನು ಕೇಳಿದ್ದಕ್ಕೆ, "ಅವಳು ಗಿಟಾರು ಕೇಳಿದ್ಲು, ಪೆಟ್ಟಿಗೆ ಕೇಳ್ಲಿಲ್ಲ" ಅಂದ, ವಕೀಲ. ವಾರಗಟ್ಲೆ ಖಾಲಿ ಪೆಟ್ಟಿಗೆ ಮಂಚದ ಪಕ್ಕ ಇಟ್ಕೊಂಡು ಮಲಗ್ದ. ಮೊನ್ನೆ ನೋಡ್ತೀನಿ, ಅದರ ಬೀಗಕ್ಕೆಲ್ಲ ಎಣ್ಣೆ ಹಾಕಿದ್ದಾನೆ, ಒಳಗಡೆ ಹೊಸ ತಂತಿಗಳು, ಒಂದು ಸಣ್ಣ ಸ್ಕ್ರೂಡ್ರೈವರು, ಒರೆಸೋ ಬಟ್ಟೆ. ಬಾಗಿಲ ಹತ್ರ ತಂದಿಟ್ಟು, "ಕಾಲಿಗೆ ಅಡ್ಡ ಬರುತ್ತೆ ಇದು, ಯಾರಾದ್ರೂ ಎಲ್ಲಾದ್ರೂ ಬಿಸಾಕಿ" ಅಂತ ಗೋಡೆಗೆ ಹೇಳಿ ಹೋದ.

ನೀನು ಗುರುವಾರ ಅಲ್ಮಾಟಿಗೆ ಹೋಗ್ತೀಯಲ್ಲ? ಅದನ್ನ ತಗೊಂಡು ಹೋಗು ಮಗಾ. ಪಶುವೈದ್ಯ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ಲು, ಬಾಗಿಲಲ್ಲಿ ಕೂತಿರೋ ಹೆಂಗಸು ಕೇಳಿದ್ರೆ ತಾಯಿ ತವರಿಂದ ಬಂದಿದ್ದು ಅನ್ನು, ಬಿಡ್ತಾಳೆ. ಇಂಜು ಕೈಗೇ ಕೊಡು, ಕೆಂಜೆ ಕಳಿಸಿದ ಅನ್ಬೇಡ, ಅಜ್ಜಿ ಕಳಿಸಿದ್ಲು ಅನ್ನು. ಒಳಗೆ ಜಾಗ ಇದೆ, ಒಣಗಿಸಿದ ಮೊಸರುಂಡೆ, ಕುರ್ತ್, ಒಂದು ಚೀಲ ತುರುಕಿದ್ದೀನಿ, ಮೊಸರಿನ ವಾಸನೆ ಬಂದ್ರೆ ಹೆದರ್ಬೇಡ. ಹಿಡಿ ಒಂದು ಕಡೆ ಕಿತ್ತೋಗಿದೆ, ಅಡಿಯಿಂದ ಎತ್ತು. ಟ್ರೇನಲ್ಲಿ ಮಾತ್ರ ಅದಕ್ಕೆ ಇನ್ನೊಂದು ಟಿಕೆಟ್ ತಗೋಬೇಡ, ಸೀಟಿನ ಕೆಳಗೆ ನೂಕು.